ವಾಸಿತಿಯ ಕೆನ್ನೆ ಯಾರದು

"ಅಮ್ಮಾ, ವಾಸಿತಿ ನಂಗೆ ಯಾಕೆ ಕೆನ್ನೆ ಕೊಡಲ್ಲ? ನಾನೇನು ಕಚ್ತೀನಾ?"

ಭಾನುವಾರ ಚರ್ಚಿನಿಂದ ಮನೆಗೆ ಬರುವ ದಾರಿಯಲ್ಲಿ ನನ್ನ ಮಗಳು ಎಲೆನೊವಾ ಕೇಳಿದಳು. ನಾಲ್ಕು ವರ್ಷದ ಮಗು. ಕಪ್ಪು ಫ್ರಾಕಿನ ಮೇಲೆ ನಮ್ಮವರೆಲ್ಲ ಚರ್ಚಿಗೆ ಕಟ್ಟಿಕೊಳ್ಳುವ ಹಾಗೆ ಸೊಂಟಕ್ಕೆ ಸುತ್ತಿದ್ದ ಪುಟ್ಟ ಚಾಪೆ ಜಾರಿ ಮೊಣಕಾಲಿಗೆ ಬಂದಿತ್ತು. ಅದನ್ನು ಎಳೆದೆಳೆದು ಮೇಲೆ ಕಟ್ಟುತ್ತಾ, ಬೆವರು ಒರೆಸಿಕೊಳ್ಳುತ್ತಾ, ಒಲೆಯ ಗುಂಡಿಯಲ್ಲಿ ಹೂತಿಟ್ಟ ಕೆಸುವಿನೆಲೆಯ ಅಡುಗೆ ಹೊತ್ತಿತೇನೋ ಅನ್ನುವ ಯೋಚನೆಯಲ್ಲಿ ನಾನು ದಾಪುಗಾಲು ಹಾಕುತ್ತಿದ್ದೆ. ಪ್ರಶ್ನೆ ಕೇಳಿ ಕಾಲು ನಿಧಾನವಾಯಿತು.

ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬರ ಕೆನ್ನೆಗೆ ಒಬ್ಬರು ಕೆನ್ನೆ ಒತ್ತಿ, ಮೂಗಿನಿಂದ ಒಂದು ಉಸಿರು ಎಳೆದುಕೊಳ್ಳದೆ ನಮ್ಮಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ವಾಸಿತಿ ಮಾತ್ರ ಕೊನೆಯ ಹಾಡು ಮುಗಿಯುವ ಮೊದಲೇ ಹಿಂಬಾಗಿಲಿನಿಂದ ಹೊರಗೆ. ಆ ದಿನ ಎಲೆನೊವಾ ಅವಳ ಹಿಂದೆಯೇ ಓಡಿ, ದೀವಿಹಲಸಿನ ಮರದ ಕೆಳಗೆ ಹಿಡಿದುಹಾಕಿ, ಮುಖ ಮೇಲೆತ್ತಿ ನಿಂತಿದ್ದಳು. ವಾಸಿತಿ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು, ಸುತ್ತ ನೋಡಿ, ಓಡಿಹೋದಳು.

"ಅವಳ ಕೆನ್ನೆಗೆ ನೋವಿದೆ ಮಗಾ."

"ಬಿದ್ದಳಾ?"

"ಇಲ್ಲ. ಮೊಡವೆ. ಒಳಗಿಂದ ಏಳ್ತವೆ."

"ಏಳ್ಬೇಡ ಅನ್ಬೇಕು."

"ಹೇಳಿದ್ರೆ ಕೇಳಲ್ಲ ಅವು."

"ನಾನು ಹೇಳಿದ್ರೆ?"

ಹಾಗೆ ಕೇಳುವುದಕ್ಕೆ ಅವಳಿಗೆ ಕಾರಣವಿತ್ತು. ನಮ್ಮ ಟೋಂಗಾದಲ್ಲಿ ಅಪ್ಪನ ಅಕ್ಕತಂಗಿಯರ ಮಾತಿಗೆ ಎದುರಿಲ್ಲ. ಮಗುವಿಗೆ ಹೆಸರಿಡುವುದರಿಂದ ಹಿಡಿದು ಹೆಣ ಎತ್ತುವ ತನಕ ಸೋದರತ್ತೆ ಹೇಳಿದ್ದೇ ಸರಿ. ಆ ಹಕ್ಕು ಅವಳ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿಯುತ್ತದೆ. ಅವರನ್ನು ಫಹು ಅನ್ನುತ್ತೇವೆ. ಫಹು ಬೆರಳು ತೋರಿಸಿ 'ಅದು ನಂದು' ಅಂದರೆ ಮುಗಿಯಿತು. ಹಂದಿಯೋ, ಚಾಪೆಯೋ, ಕೊರಳಲ್ಲಿರುವ ಹಾರವೋ, ನಗುನಗುತ್ತಾ ಕೊಟ್ಟುಬಿಡಬೇಕು. ಮುಖ ಸಣ್ಣ ಮಾಡಿದರೂ ಊರು ಆಡಿಕೊಳ್ಳುತ್ತದೆ. ನನ್ನ ಗಂಡನ ತಾಯಿ, ಈಗಿಲ್ಲ, ವಾಸಿತಿಯ ಅಜ್ಜನ ಒಡಹುಟ್ಟಿದ ತಂಗಿ. ಹಾಗಾಗಿ ವಾಸಿತಿಯ ಇಡೀ ಮನೆತನಕ್ಕೆ ನನ್ನ ಮಗಳು ಫಹು. ನಾನಲ್ಲ. ನಾನು ಹಾಪೈ ದ್ವೀಪದಿಂದ ಇಲ್ಲಿ ವವಾವುಗೆ ಮದುವೆಯಾಗಿ ಬಂದವಳು, ಪಾತ್ರೆ ತೊಳೆಯುವ ಸಾಲಿನವಳು.

ಆಗಿನ್ನೂ ವಾಸಿತಿಯ ದೊಡ್ಡಪ್ಪ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅದಕ್ಕೇ ನಾವೆಲ್ಲ ಕಪ್ಪು ಬಟ್ಟೆಯಲ್ಲಿದ್ದೆವು. ಸಾವಿನ ಮನೆಯಲ್ಲಿ ಹೆಣದ ತಲೆಯ ಹತ್ತಿರ, ಎಲ್ಲಕ್ಕಿಂತ ನಯವಾದ ಚಾಪೆಯ ಮೇಲೆ ನನ್ನ ಮಗಳು ಬಿಸ್ಕತ್ತು ತಿನ್ನುತ್ತಾ ಕೂತಿದ್ದಳು. ನಾನು ಹಿತ್ತಲಲ್ಲಿ ಹರಕು ಚಾಪೆ ಕಟ್ಟಿಕೊಂಡು ಗೆಡ್ಡೆ ಸುಲಿಯುತ್ತಾ, ಇವಳಿಗೆ ಉಚ್ಚೆ ಬಂದರೆ ಯಾರಿಗೆ ಹೇಳುತ್ತಾಳೋ ಎಂದು ಕಿಟಕಿಯಲ್ಲಿ ಇಣುಕಿ ಇಣುಕಿ ಒದ್ದಾಡುತ್ತಿದ್ದೆ. ಅವಳಿಗಿಂತ ಒಂದು ಚಾಪೆ ಕೆಳಗೆ ಲವೀನಿಯಮ್ಮ. ಸತ್ತವರ ತಂಗಿ, ವಾಸಿತಿಯ ಸೋದರತ್ತೆ; ಪಾದ್ರಿಗೂ ಗದರುವ ಹೆಂಗಸು. ಎಲೆನೊವಾ ಆಕೆಯ ಕೈಯ ಬೀಸಣಿಗೆ ತೋರಿಸಿ "ಅದು ನಂದು" ಅಂದಳು. ಲವೀನಿಯಮ್ಮ ಅಳುವಿನ ನಡುವೆಯೇ ತಲೆ ತಗ್ಗಿಸಿ, ಎರಡೂ ಕೈಯಿಂದ ಬೀಸಣಿಗೆ ಕೊಟ್ಟರು. "ತಗೋ ನನ್ನೊಡತಿ." ಆಮೇಲೆ ಬೆವರು ಒರೆಸಿಕೊಂಡರು.

ಅಂಥ ಮಗುವಿಗೆ, ನಿನ್ನ ಮಾತನ್ನು ಮೊಡವೆ ಕೇಳುವುದಿಲ್ಲ ಎಂದು ನಾನು ಹೇಗೆ ತಿಳಿಸಲಿ?

ವಾಸಿತಿ ನಮ್ಮ ಬೇಲಿಯ ಆಚೆಯ ಮನೆಯ ಹುಡುಗಿ. ಈಗ ಇಪ್ಪತ್ತೆರಡು. ಶಾಲೆಯ ವೇದಿಕೆಯ ಮೇಲೆ ಮೊದಲ ಸಲ ಕುಣಿದಾಗ ಹತ್ತು ವರ್ಷವಂತೆ. ಆಗ ಅವಳ ಕೈಗಳು ಆಳವಿಲ್ಲದ ನೀರಿನಲ್ಲಿ ಮೀನಿನ ಬಾಲ ಆಡಿದಂತೆ ಆಡಿದವು ಎಂದು ಅವಳ ತಾಯಿ ಈಗಲೂ ಹೇಳುತ್ತಾಳೆ. ಮೂರು ವರ್ಷ ಕಳೆಯುವಷ್ಟರಲ್ಲಿ ಹಣೆಯ ಮೇಲೆ ಮೊಡವೆ ಎದ್ದವು. ಆಮೇಲೆ ಕೆನ್ನೆ, ಆಮೇಲೆ ದವಡೆ. ಕೀವಾಗಿ ಒಡೆಯುವ ಸಣ್ಣವಲ್ಲ; ಚರ್ಮದ ಅಡಿಯಲ್ಲಿ ಹುಣಸೆ ಬೀಜದ ಹಾಗೆ ಗಟ್ಟಿಯಾಗಿ ಕೂತು, ಹೊರಗೂ ಬರದೆ ಒಳಗೂ ಹೋಗದೆ ವಾರಗಟ್ಟಲೆ ಸಿಡಿಯುವಂಥವು. ಓರಗೆಯ ಹುಡುಗಿಯರು ನಿಂಬೆ ಮುಳ್ಳಿನಿಂದ ಚುಚ್ಚಿ ಹಿಂಡುವುದನ್ನು ಕಲಿಸಿದರು. ಹಿಂಡಿದ ಮೇಲೆ ನಿಂಬೆರಸ. ರಸ ಹಚ್ಚಿಕೊಂಡ ಮುಖವನ್ನು ಹೊತ್ತು ಇಡೀ ದಿನ ಬಿಸಿಲಿನಲ್ಲಿ ಹವಳದ ದಂಡೆಯ ಮೇಲೆ ಚಿಪ್ಪು ಆಯುವುದು. ಕೆನ್ನೆಯ ಮೇಲೆ ಕಪ್ಪು ಕಲೆ ಬಿದ್ದವು, ಕಲೆಗಳ ನಡುವೆ ಗುಳಿ ಬಿದ್ದವು. ಶಾಲೆಯ ಹುಡುಗರು ಅವಳು ಬಂದರೆ "ಹವಳದ ದಂಡೆ ಬಂತು, ದೋಣಿ ತಿರುಗಿಸ್ರೋ!" ಎಂದು ಕೂಗುತ್ತಿದ್ದರು. ಅವಳು ಶಾಲೆ ಬಿಟ್ಟಳು. ಕುಣಿತ ಅದಕ್ಕಿಂತ ಮೊದಲೇ ಬಿಟ್ಟುಹೋಗಿತ್ತು.

ನೇಯಾಫು ಪೇಟೆಯ ಒಂದು ಅತಿಥಿಗೃಹದವರು ಫೋನಿನಲ್ಲಿ ಅವಳ ದನಿ ಕೇಳಿ ಮುಂಬಾಗಿಲಿನ ಕೆಲಸಕ್ಕೆ ಕರೆದರು. ಮುಖ ನೋಡಿ ಹಿತ್ತಲಿನ ಬಟ್ಟೆ ಒಗೆಯುವ ಕಡೆಗೆ ಕಳಿಸಿದರು. ಒಂದು ವಾರ ಮಾಡಿ ಬಂದುಬಿಟ್ಟಳು. ಈಗ ಚಾಪೆ ಹೆಣೆಯುತ್ತಾಳೆ. ಹೆಂಗಸರು ಸೇರಿ ಹೆಣೆಯುವ ಚಪ್ಪರದಲ್ಲಿ ಎಲ್ಲರಿಗಿಂತ ಮೊದಲೇ ಹೋಗಿ ಎಡ ಮೂಲೆ ಹಿಡಿಯುತ್ತಾಳೆ, ಹೆಚ್ಚು ಕೆಟ್ಟಿರುವ ಕೆನ್ನೆ ಗೋಡೆಯ ಕಡೆಗೆ ಬರಲಿ ಎಂದು. ಕೇದಗೆಯ ಗರಿ ಕೈಯಲ್ಲಿರುವ ತನಕ ಅವಳು ಮನುಷ್ಯಳು. ಗರಿ ಕೆಳಗಿಟ್ಟಳೋ, ಕೈ ದವಡೆಗೆ. ಬೆರಳು ತಡಕುತ್ತದೆ, ಒಂದನ್ನು ಹುಡುಕುತ್ತದೆ, ಅಳೆಯುತ್ತದೆ, ಒತ್ತುತ್ತದೆ. ನನ್ನ ಅಡುಗೆಮನೆಗೆ ಬಂದರೂ ಕೂರುವವಳಲ್ಲ. ಒಲೆಯ ಹತ್ತಿರದಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಬೇಲಿಗೆ, ಬೇಲಿಯಿಂದ ವಾಪಸ್ಸು. "ಕೂತ್ಕೊಳ್ಳೇ, ನೋಡಿ ನೋಡಿ ನಂಗೆ ತಲೆ ಸುತ್ತುತ್ತೆ" ಅಂದರೆ, "ಕೂತ್ರೆ ಕೈ ಮೇಲೆ ಹೋಗುತ್ತೆ ಅಕ್ಕಾ" ಅನ್ನುತ್ತಾಳೆ.

ಇದೆಲ್ಲದರ ಮೇಲೆ ಎಣ್ಣೆ. ನಮ್ಮಲ್ಲಿ ಹುಟ್ಟಿದರೆ ಎಣ್ಣೆ, ಸತ್ತರೆ ಎಣ್ಣೆ, ಮದುವೆಗೆ, ಕುಣಿತಕ್ಕೆ, ಉಳುಕಿದ ಕಾಲಿಗೆ, ಮುರಿದ ಮನಸ್ಸಿಗೆ ಕೊಬ್ಬರಿ ಎಣ್ಣೆ. ಅದರಲ್ಲೂ ಲವೀನಿಯಮ್ಮ ತುರಿದ ಕಾಯನ್ನು ಬಿಸಿಲಿಗಿಟ್ಟು, ಶ್ರೀಗಂಧದ ಚೂರು, ಹೂವಿನ ಎಸಳು ಹಾಕಿ ಇಳಿಸಿದ ಎಣ್ಣೆಯೆಂದರೆ ಹಡಗು ಹತ್ತಿ ಆಕ್ಲೆಂಡಿಗೆ ಹೋಗುತ್ತದೆ. ಅಣ್ಣನ ಮಗಳ ಮುಖದಲ್ಲಿ ಮೊದಲ ಮೊಡವೆ ಎದ್ದ ದಿನದಿಂದ ಆಕೆ ಸಂಜೆ ಸಂಜೆ ಬಂದು, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ತಿಕ್ಕಿ ತಿಕ್ಕಿ ಎಣ್ಣೆ ಕುಡಿಸಿದ್ದಾರೆ. "ಚರ್ಮ ಒಣಗಿದ್ದಕ್ಕೇ ಇವು ಏಳೋದು. ಹೊಟ್ಟೆ ತುಂಬಿಸ್ಬೇಕು ಚರ್ಮಕ್ಕೆ." ಮೊಡವೆ ಎದ್ದಷ್ಟೂ ಎಣ್ಣೆ, ಎಣ್ಣೆ ಹೆಚ್ಚಿದಷ್ಟೂ ಮೊಡವೆ. ಅದು ಪ್ರೀತಿಯಿಂದಲೇ ಮಾಡಿದ್ದು. ಬೇರೆ ಏನಾದರೂ ಆಗಿದ್ದರೆ ವಾಸಿತಿ ಎಂದೋ ಎದ್ದು ಓಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬೇಲಿಯ ಹತ್ತಿರ ಅವಳನ್ನು ನಿಲ್ಲಿಸಿದೆ.

"ನನ್ನ ಮಗಳಿಗೆ ನೀನೇ ಉತ್ತರ ಕೊಡಮ್ಮ. ಕಚ್ತೀನಾ ಅಂತ ಕೇಳ್ತಾ ಇದ್ದಾಳೆ."

ಅವಳಿಗೆ ನಗು ಬಂತು. ಆಮೇಲೆ ನಗು ನಿಂತಿತು. "ಅವಳ ಮೂಗು ಒತ್ತಿದ್ರೆ ನಂಗೆ ಕಣ್ಣಲ್ಲಿ ನೀರು ಬಂದ್ಬಿಡುತ್ತೆ ಅಕ್ಕಾ. ನೋವಿಗೆ. ಮಗು ಹೆದರ್ಕೊಳ್ಳುತ್ತೆ ಅಂತ."

ಅವಳು ನಾಚಿಕೆಗೆ ಓಡುತ್ತಾಳೆ ಎಂದುಕೊಂಡಿದ್ದೆವು ನಾವೆಲ್ಲ. ನೋವು ಅಂತ ಯಾರೂ ಕೇಳಿರಲಿಲ್ಲ. ಎಲೆನೊವಾಳಿಗೆ ಜಂತುಹುಳುವಿನ ಔಷಧಿ ತರುವ ನೆಪ ಮಾಡಿಕೊಂಡು ಅವಳನ್ನೂ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದೆ.

ಅಲ್ಲಿಯ ನರ್ಸ್ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಮುಖಕ್ಕೆ ಏನೇನು ಹಚ್ತೀಯಾ?"

"ಎಣ್ಣೆ."

"ಯಾರ ಎಣ್ಣೆ?"

"ನಮ್ಮತ್ತೇದು."

"ಲವೀನಿಯಾದಾ? ನಾನೂ ತಲೆಗೆ ಅದನ್ನೇ ಹಾಕ್ಕೊಳ್ಳೋದು. ಚಿನ್ನದಂಥ ಎಣ್ಣೆ. ಕಾಲಿಗೆ ಹಚ್ಚು, ಕೈಗೆ ಹಚ್ಚು. ಮುಖಕ್ಕೆ ಬೇಡ. ಇಂಥ ಮುಖಕ್ಕೆ ಅದು ಬಿರಡೆ ಹಾಕಿದ ಹಾಗೆ. ಇನ್ನು ಮುಳ್ಳು, ಉಗುರು, ನಿಂಬೆರಸ, ಅಂಗಡಿಯ ಹೆಸರಿಲ್ಲದ ಡಬ್ಬಿ, ಒಂದೂ ಹತ್ತಿರ ಬರಕೂಡದು."

ಒಳಗಿದ್ದ ಡಾಕ್ಟರನ್ನು ಕೇಳಿ ಬಂದು ಒಂದು ಟ್ಯೂಬ್ ಕೊಟ್ಟರು, ಮಾತ್ರೆ ಕೊಟ್ಟರು. ರಾತ್ರಿ ಮುಖ ತೊಳೆದು, ಒಣಗಿದ ಮೇಲೆ, ಬರೀ ಮೊಡವೆಯ ಮೇಲಲ್ಲ, ಏಳುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಮೊದಮೊದಲು ಉರಿಯುತ್ತದೆ, ಸಿಪ್ಪೆ ಏಳುತ್ತದೆ. ತೀರ ಉರಿದರೆ ದಿನ ಬಿಟ್ಟು ದಿನ. ಮಾತ್ರೆಗೆ ನೀರು ಜಾಸ್ತಿ, ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಟೋಪಿ. "ಬಸುರಿ ಅಲ್ಲ ತಾನೆ? ಇದ್ರೆ ಈ ಮಾತ್ರೆ ಕೊಡಲ್ಲ." ವಾಸಿತಿ ಕಿವಿ ತನಕ ಕೆಂಪಾಗಿ ತಲೆ ಅಲ್ಲಾಡಿಸಿದಳು. "ಎರಡು ಮೂರು ತಿಂಗಳು ಕನ್ನಡಿ ನೋಡಿ ಅಳ್ಕೊಂಡು ಬರಬೇಡ. ಅಷ್ಟು ದಿನ ಬೇಕೇ ಬೇಕು."

"ಇವು ಹೋಗ್ತವಾ?" ವಾಸಿತಿ ಕೆನ್ನೆಯ ಕಡೆ ಬೆರಳು ತೋರಿಸಿದಳು.

"ಕಪ್ಪು ಕಲೆ ನಿಧಾನಕ್ಕೆ ಮಾಸುತ್ತೆ. ಗುಳಿ ತಾನಾಗಿ ತುಂಬಲ್ಲ, ಸುಳ್ಳು ಯಾಕೆ ಹೇಳ್ಲಿ. ಆಕ್ಲೆಂಡಲ್ಲಿ ಸಣ್ಣ ಸಣ್ಣ ಸೂಜಿ ಆಡಿಸಿ ಸರಿ ಮಾಡೋರಿದ್ದಾರೆ, ಅದೂ ಪೂರ್ತಿ ಅಲ್ಲ. ಮೊದಲು ಹೊಸದು ಏಳೋದು ನಿಲ್ಲಬೇಕು. ಉರೀತಾ ಇರೋ ಮನೆಗೆ ಯಾರಾದ್ರೂ ಸುಣ್ಣ ಬಳೀತಾರಾ?" ಬಾಗಿಲ ತನಕ ಬಂದು, "ಈ ಔಷಧಿ ಬಟ್ಟೆಯ ಬಣ್ಣ ತೆಗೆಯುತ್ತೆ. ಬಿಳಿ ದಿಂಬು ಹಾಕ್ಕೋ" ಅಂದರು.

ಬಿಳಿ ದಿಂಬು ಹಾಕಿದೆವು. ಮೈಮೇಲೆ ಕಪ್ಪು ಇದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಸೋದರತ್ತೆಗೆ ಬೇಡ ಅನ್ನುವ ಮಾತು ವಾಸಿತಿಯ ಬಾಯಿಂದ ಬರುವಂಥದ್ದಲ್ಲ. ಅವಳ ತಾಯಿಯೂ ನನ್ನ ಹಾಗೇ ಹೊರಗಿನಿಂದ ಬಂದವಳು. ಗಂಡಸರಂತೂ ಹೆಣ್ಣುಮಕ್ಕಳ ಮುಖ ಮೈಯ ಮಾತು ಬಂದರೆ ಎದ್ದು ಹೋಗುತ್ತಾರೆ. ಹಾಗಾಗಿ ಕದ್ದು ಮಾಡುವುದೇ ದಾರಿಯಾಯಿತು. ಸಂಜೆ ಲವೀನಿಯಮ್ಮ ಎಣ್ಣೆ ತಿಕ್ಕಿ ಹೋದ ಮೇಲೆ ವಾಸಿತಿ ಬೇಲಿ ದಾಟಿ ನಮ್ಮ ಅಡುಗೆಮನೆಗೆ ಬರುತ್ತಾಳೆ. ಸೋಪಿನಲ್ಲಿ ಮೆತ್ತಗೆ ತೊಳೆದು, ಒಣಗಲಿ ಎಂದು ಅತ್ತಿಂದಿತ್ತ ಓಡಾಡುತ್ತಾಳೆ. ನನ್ನ ಉಪ್ಪಿನ ಡಬ್ಬಿಯ ಹಿಂದಿನ ಟ್ಯೂಬ್ ತೆಗೆದು ಹಚ್ಚಿಕೊಳ್ಳುತ್ತಾಳೆ. ನಾನು ಬೀದಿಯ ಕಡೆ ಕಿವಿ ಕೊಟ್ಟು ನಿಂತಿರುತ್ತೇನೆ. ಹೊರಗೆ ನಾಯಿ ಬೊಗಳಿದರೂ ಟ್ಯೂಬ್ ಮತ್ತೆ ಡಬ್ಬಿಯ ಹಿಂದೆ. ನನ್ನದೇ ಮನೆಯಲ್ಲಿ ನಾನೇ ಕಳ್ಳಿ. ಲವೀನಿಯಮ್ಮ ನನ್ನ ಬಾಣಂತನಕ್ಕೆ ಬಂದು ಹದಿನೈದು ದಿನ ಸೂಪು ಮಾಡಿ ಕುಡಿಸಿದ್ದು ಆಗಾಗ ನೆನಪಾಗಿ ಇನ್ನಷ್ಟು ಚುಚ್ಚುತ್ತಿತ್ತು.

ಮೊದಲ ತಿಂಗಳು ಮುಖವೆಲ್ಲ ಸಿಪ್ಪೆ ಎದ್ದು, "ಸಾಕು, ಬಿಟ್ಬಿಡ್ತೀನಿ" ಎಂದು ಅವಳು ಎಷ್ಟು ಸಲ ಅಂದಳೋ. ದಿನ ಬಿಟ್ಟು ದಿನ ಮಾಡಿದೆವು. ಎರಡನೆಯ ತಿಂಗಳು ಕಳೆಯುತ್ತಾ ದವಡೆಯ ಬೀಜಗಳು ಒಂದೊಂದಾಗಿ ಕೂತವು. ಒಂದು ಭಾನುವಾರ ಅವಳು ಹಿಂಬಾಗಿಲಿಗೆ ಹೋಗಲಿಲ್ಲ. ಮುಂಬಾಗಿಲಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಎಲೆನೊವಾಳ ಮುಂದೆ ಬಗ್ಗಿ, ಹಣೆ ಕೊಟ್ಟಳು.

"ಕೆನ್ನೆ?" ಅಂದಳು ಮಗಳು, ಅಂಗಡಿಯಲ್ಲಿ ಚಿಲ್ಲರೆ ಕೇಳುವವಳ ಹಾಗೆ.

"ಇನ್ನೂ ಸ್ವಲ್ಪ ದಿನ, ನನ್ನೊಡತಿ."

ಅದೇ ವಾರ ಚಪ್ಪರದಲ್ಲಿ ಗುಟ್ಟು ರಟ್ಟಾಯಿತು. ವಾಸಿತಿಯ ತಮ್ಮನಿಗೆ ಮದುವೆ ಗೊತ್ತಾಗಿತ್ತು. ಸೂತಕ ಕಳೆದ ಮೇಲೆ ಎಂದು ಕಾಯುತ್ತಿದ್ದರು. ಮದುವೆಗೆ ಕೊಡುವ ದೊಡ್ಡ ಚಾಪೆಯನ್ನು ನಾವೆಲ್ಲ ಸುತ್ತ ಕೂತು ಹೆಣೆಯುತ್ತಿದ್ದೆವು. ವಾಸಿತಿ ಗರಿ ಎಳೆದುಕೊಳ್ಳಲು ಬಗ್ಗಿದಾಗ ಎದುರಿಗಿದ್ದ ತೋಕಿಲುಪೆಯ ಕಣ್ಣು ಬಿತ್ತು. ತೋಕಿಲುಪೆಯ ಬಾಯಿಗೆ ಬಾಗಿಲಿಲ್ಲ.

"ಏನೇ ವಾಸಿತಿ, ನಿನ್ನ ಕೊರಳಪಟ್ಟಿಗೆ ತುಕ್ಕು ಹಿಡಿದಿದೆ?"

ಕಪ್ಪು ಬಟ್ಟೆಯ ಕೊರಳಿನ ಸುತ್ತ, ಭುಜದ ಮೇಲೆ, ಕಿತ್ತಳೆ ಬಣ್ಣದ ಮಚ್ಚೆಗಳು. ಅದನ್ನೇ ಹಾಕಿಕೊಂಡು ಮಲಗುತ್ತಿದ್ದಳಲ್ಲ.

"ತುಕ್ಕಲ್ಲ ಬಿಡು, ಯಾರೋ ಬೆಂಕಿಯಂಥವನು ಕುತ್ತಿಗೆಗೆ ಮುತ್ತು ಕೊಟ್ಟಿದ್ದಾನೆ" ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಲವೀನಿಯಮ್ಮ ನಗಲಿಲ್ಲ. ಸೂತಕದ ಬಟ್ಟೆ ಅದು. ಎದ್ದು ಬಂದು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು.

"ಏನಿದು?"

ವಾಸಿತಿ ಗರಿ ನೋಡುತ್ತಾ ಕೂತಳು. ಕೈ ದವಡೆಗೆ ಹೋಯಿತು. ನನಗೆ ತಡೆಯಲಾಗಲಿಲ್ಲ.

"ಮುಖಕ್ಕೆ ಔಷಧಿ ಹಚ್ತಾಳೆ ಲವೀನಿಯಮ್ಮ. ನರ್ಸ್ ಕೊಟ್ಟಿದ್ದು. ಬಟ್ಟೆ ಬಣ್ಣ ಹೋಗುತ್ತೆ ಅಂತ ಹೇಳಿದ್ರು, ನಾವೇ ಮರೆತ್ವಿ."

"ಬಟ್ಟೆ ಬಣ್ಣ ತಿನ್ನೋದು ಚರ್ಮ ತಿನ್ನಲ್ವಾ?"

"ಇಲ್ಲ, ಅದು..."

"ನೀನು ಸುಮ್ನಿರು ನೈತೆ. ನಿಮ್ಮ ಹಾಪೈಯವರು ಉಪ್ಪುನೀರಲ್ಲಿ ಮುಖ ತೊಳ್ಕೊಂಡು ಬೆಳೆದೋರು, ನಿಂಗೇನು ಗೊತ್ತು ಎಣ್ಣೆ?" ಆಮೇಲೆ ವಾಸಿತಿಯ ಕಡೆ ತಿರುಗಿ, ದನಿ ಇಳಿಸಿ, "ನಾನು ಹಚ್ಚಿದ್ದನ್ನ ತೊಳ್ಕೊಳ್ತಿದ್ಯಾ?" ಅಂದರು. ಅದರಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ಅದೇ ಸಂಜೆ ನಮ್ಮ ಅಡುಗೆಮನೆಗೆ ಬಂದು, ಎಲ್ಲ ತಡಕಿ, ಉಪ್ಪಿನ ಡಬ್ಬಿ ಸರಿಸಿ, ಟ್ಯೂಬನ್ನು ಹಂದಿಗೂಡಿಗೆ ಎಸೆದು ಹೋದರು. ಹಂದಿ ಜಗಿದು ಉಗಿಯಿತು.

"ಹಂದಿಗೂ ಮೊಡವೆ ಇತ್ತಾ ಅಮ್ಮಾ?" ಅಂದಳು ಎಲೆನೊವಾ.

ಇನ್ನೊಂದು ಟ್ಯೂಬ್ ತಂದೆ. ಈ ಸಲ ಮಗಳ ಹಳೆಯ ಬೂಟಿನೊಳಗೆ ಇಟ್ಟೆ. ಮಾತ್ರೆ ನಡೆಯುತ್ತಲೇ ಇತ್ತು. ಆದರೆ ಈಗ ಲವೀನಿಯಮ್ಮ ಎಣ್ಣೆ ತಿಕ್ಕಿದ ಮೇಲೆ ಕತ್ತಲಾಗುವ ತನಕ ಅಲ್ಲೇ ಕೂತಿರತೊಡಗಿದರು. ವಾಸಿತಿಯ ದವಡೆಯಲ್ಲಿ ಮತ್ತೆ ಎರಡು ಗಟ್ಟಿ ಬೀಜ ಎದ್ದವು.

ಸೂತಕ ಕಳೆಯಿತು, ಕಪ್ಪು ಬಿಚ್ಚಿದೆವು. ಮರುದಿನವೇ ಲವೀನಿಯಮ್ಮ ಸಾರಿದರು: ತಮ್ಮನ ಮದುವೆಯಲ್ಲಿ ವಾಸಿತಿ ಕುಣಿಯುತ್ತಾಳೆ. ಒಂಟಿ ಕುಣಿತ, ಎರಡೂ ಕಡೆಯವರ ನಡುವೆ. ಮುಂದಿನ ಸೋಮವಾರದಿಂದ ಮದುವೆಯ ದಿನದ ತನಕ, ಎರಡು ವಾರ, ಸಂಜೆ ಸಂಜೆ ಎಲ್ಲ ಹೆಂಗಸರ ಎದುರಿಗೆ ಚಾಪೆ ಹಾಸಿ ಕೂರಿಸಿ ತಲೆಯಿಂದ ಕಾಲಿನ ತನಕ ಅರಿಶಿನ, ಎಣ್ಣೆ. ತಾನೇ ವಾಸಿತಿಯ ಮನೆಗೆ ಬಂದು ಉಳಿಯುತ್ತೇನೆ ಎಂದರು.

ಎದೆ ಗಟ್ಟಿ ಮಾಡಿಕೊಂಡು ಬಾವಿಯ ಹತ್ತಿರ ಒಬ್ಬರೇ ಸಿಕ್ಕಾಗ ಕೇಳಿದೆ. "ಮುಖ ಒಂದು ಬಿಟ್ಟು ಹಚ್ಚಿದ್ರೆ ಆಗಲ್ವಾ ಲವೀನಿಯಮ್ಮ?"

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಮೈಯೆಲ್ಲ ಹೊಳೆದು ಮುಖ ಒಂದು ಮಂಕಾಗಿದ್ರೆ ಹೆಣ್ಣಿನ ಕಡೆಯವರು ಏನಂತಾರೆ ಗೊತ್ತಾ? ಹುಡುಗಿ ಎಲ್ಲೋ ಕೆಟ್ಟಿದ್ದಾಳೆ, ಅದಕ್ಕೆ ಎಣ್ಣೆ ಹಿಡೀತಾ ಇಲ್ಲ ಅಂತಾರೆ. ಮೊಡವೆ ಇದ್ರೆ ಬರೀ ಮೊಡವೆ ಅಂತಾರೆ. ಹೊಳಪಿಲ್ಲದಿದ್ರೆ ಅವಳ ಹೆಸರು ಕೆಡಿಸ್ತಾರೆ. ನಾನು ಇರೋ ತನಕ ಅದು ಆಗಕೂಡದು."

ಹಾಗೆ ಆಡಿಕೊಳ್ಳುವವರನ್ನು ನಾನೂ ಕೇಳಿದ್ದೇನೆ.

ನರ್ಸನ್ನು ಕೇಳಿ ಬಂದೆ. ಮದುವೆಯ ಒಂದು ದಿನ ಹಚ್ಚಿ ಅವತ್ತೇ ತೊಳೆದುಕೊಂಡರೆ ಏನೂ ಆಗುವುದಿಲ್ಲವಂತೆ. "ಎರಡು ವಾರ ದಿನಾ ಬೆರಳಲ್ಲಿ ಉಜ್ಜಿದ್ರೆ ಮಾತ್ರ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಒಳಗೆ ಇರೋದು ಒಡೆದು ಹೊಸ ಗುಳಿ ಬೀಳುತ್ತೆ." ಇದನ್ನು ವಾಸಿತಿಗೆ ಹೇಳಿ, "ಕಾಲು ಉಳುಕಿದೆ ಅಂತ ಹೇಳ್ಬಿಡು. ಕುಣಿತ ಬೇಡ, ಎಣ್ಣೆನೂ ಬೇಡ" ಅಂದೆ. ಅದಕ್ಕಿಂತ ಸುಲಭದ ದಾರಿ ನನಗೆ ಕಾಣಲಿಲ್ಲ.

ಅವಳು ತೊಟ್ಟಿಯ ತನಕ ಹೋದಳು, ವಾಪಸ್ಸು ಬಂದಳು.

"ನಂಗೆ ಕುಣೀಬೇಕು ಅಕ್ಕಾ."

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ಹದಿಮೂರು ವರ್ಷದೋಳಿದ್ದಾಗ ಬಿಟ್ಟಿದ್ದು. ಕೊಟ್ಟಿಗೆಯಲ್ಲಿ ಒಬ್ಬಳೇ ಕೈ ಆಡಿಸ್ತೀನಿ, ಅದು ಯಾರಿಗೂ ಗೊತ್ತಿಲ್ಲ. ನನ್ನ ತಮ್ಮನ ಮದುವೇಲಿ ನಾನು ಕುಣೀಬೇಕು. ಗುಳಿ ಇದ್ರೆ ಇರ್ಲಿ. ನೋಡೋರು ನೋಡ್ಲಿ. ಗುಳಿ ನೋಯಲ್ಲ. ಆದ್ರೆ ಮುಖದಲ್ಲಿ ಬೆಂಕಿ ಇಟ್ಕೊಂಡು ನಗ್ತಾ ಕುಣಿಯೋಕೆ ಆಗಲ್ಲ ನಂಗೆ."

ಆ ವಾರ ನಾನು ಮಾಡಿದ ಕೆಲಸ ಒಂದೂ ನೆಟ್ಟಗಾಗಲಿಲ್ಲ. ಕೆಸುವಿನೆಲೆಗೆ ಉಪ್ಪು ಎರಡು ಸಲ ಬಿತ್ತು. ಗಂಡ ದೋಣಿಯಿಂದ ಬಂದು, "ಏನಾಯ್ತು ನಿಂಗೆ?" ಅಂದರೆ, "ಏನಿಲ್ಲ, ಹೆಂಗಸರ ವಿಷಯ" ಅಂದೆ. ಅವನು ಬಂದ ದಾರಿಯಲ್ಲೇ ಎದ್ದು ಹೋದ.

ನಿನ್ನೆ ಶನಿವಾರ. ವಾಸಿತಿ ನಮ್ಮ ಜಗಲಿಯಲ್ಲಿ ಗರಿ ಸೀಳುತ್ತಾ ಕೂತಿದ್ದಳು. ಲವೀನಿಯಮ್ಮ ಹೊಸ ಸೀಸೆ ಹಿಡಿದುಕೊಂಡು ಬಂದರು, ಮದುವೆಗೆಂದೇ ಇಳಿಸಿದ್ದು. "ವಾಸನೆ ನೋಡು ಬಾ" ಎಂದು ಅಂಗೈಗೆ ಸುರಿದುಕೊಂಡರು. ಮಲ್ಲಿಗೆಯೂ ಗಂಧವೂ ಸೇರಿದ ಪರಿಮಳ ಜಗಲಿಯೆಲ್ಲ ತುಂಬಿತು. ಇನ್ನೊಂದು ಕೈಯಿಂದ ಹುಡುಗಿಯ ಗಲ್ಲ ಹಿಡಿದು ಎತ್ತಿದರು. ವಾಸಿತಿ ಕಣ್ಣು ಮುಚ್ಚಿದಳು. ಗರಿ ಸೀಳುವ ಕೈ ಮುಷ್ಟಿ ಕಟ್ಟಿತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅದು ನಂದು."

ಎಲೆನೊವಾ. ಬಾಳೆಹಣ್ಣು ತಿಂದ ಅಂಟುಕೈಯಲ್ಲಿ ಸೀಸೆಯ ಕಡೆ ಬೆರಳು.

ಲವೀನಿಯಮ್ಮನ ಕೈ ವಾಸಿತಿಯ ಕೆನ್ನೆಗೆ ಒಂದು ಗೇಣು ದೂರದಲ್ಲಿ ನಿಂತಿತು. ಆಮೇಲೆ ಆಕೆ ನಕ್ಕರು, ನಿಜವಾಗಿಯೇ ನಕ್ಕರು, ಸೀಸೆಗೆ ಬಿರಡೆ ಹಾಕಿ ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. "ತಗೋ ನನ್ನೊಡತಿ. ನಿಂದೇ." ಅಂಗೈಯಲ್ಲಿದ್ದ ಎಣ್ಣೆಯನ್ನು ತನ್ನ ಮೊಣಕಾಲಿಗೆ ಸವರಿಕೊಂಡರು. ಮಗಳು ಸೀಸೆ ತೆಗೆದುಕೊಂಡು ಹೋಗಿ ಅಷ್ಟನ್ನೂ ಬೆಕ್ಕಿನ ಬೆನ್ನಿಗೆ ಸುರಿದಳು.

"ಬೆಕ್ಕಿಗೂ ಮದುವೆ ಅಂತ ಕಾಣುತ್ತೆ" ಎಂದು ಲವೀನಿಯಮ್ಮ ಸೊಂಟಕ್ಕೆ ಕೈಯಿಟ್ಟು ಮೇಲೆದ್ದರು. ಮೆಟ್ಟಿಲಿಳಿದು ಹಿಂತಿರುಗಿ, "ಸೋಮವಾರ ಬೇರೆ ತರ್ತೀನಿ ವಾಸಿತಿ. ಮನೇಲಿ ಕೊಡ ತುಂಬ ಇದೆ" ಅಂದರು.

ಒಂದು ಸೀಸೆ ಹೋದರೆ ಏನು? ಕೊಡ ಇದೆ, ಎರಡು ವಾರ ಇದೆ. ದಿನಾ ಒಂದೊಂದು ಸೀಸೆ ಕೇಳಿಸಲು ಆಗುತ್ತದೆಯೇ? ಕೇಳಿದರೂ, ಇದು ತಾಯಿ ಹೇಳಿಕೊಟ್ಟದ್ದು ಎಂದು ಮೂರನೆಯ ದಿನಕ್ಕೆ ಊರಿಗೆಲ್ಲ ತಿಳಿಯುತ್ತದೆ. ಅಂಗಳದಲ್ಲಿ ಎಣ್ಣೆ ಬೆಕ್ಕನ್ನು ಹಿಡಿಯಲು ಓಡಾಡುತ್ತಾ ಮಗಳಿಗೆ ಬೈಯುತ್ತಿದ್ದೆ.

ವಾಸಿತಿ ಕೂತಲ್ಲೇ ಇದ್ದಳು. ಅದೇ ನನಗೆ ವಿಚಿತ್ರ ಅನಿಸಿದ್ದು. ಗರಿ ಮಡಿಲಲ್ಲಿ ಬಿದ್ದಿತ್ತು, ಎರಡೂ ಕೈ ನೆಲದ ಮೇಲೆ. ದವಡೆಯ ಹತ್ತಿರ ಹೋಗಿರಲಿಲ್ಲ. ಬೆಕ್ಕಿನ ಹಿಂದೆ ಓಡುತ್ತಿದ್ದ ಎಲೆನೊವಾಳನ್ನೇ ನೋಡುತ್ತಿದ್ದಳು.

"ಅಕ್ಕಾ, ಫಹು ಕೇಳಿದ್ದನ್ನ ಆಮೇಲೆ ಬೇರೆ ಯಾರಾದ್ರೂ ಮುಟ್ಟಬಹುದಾ?"

"ಅವಳು ಮುಟ್ಟು ಅಂದ್ರೆ ಮಾತ್ರ. ಯಾಕೆ?"

"ಎಷ್ಟು ದಿನ?"

"ಅವಳು ಬಿಟ್ಟುಕೊಡೋ ತನಕ. ಯಾಕೇ?"

"ಅದಕ್ಕೆ ಊರಲ್ಲಿ ಯಾರೂ ಏನೂ ಅನ್ನಲ್ಲ ಅಲ್ವಾ? ಹೆಣ್ಣಿನ ಕಡೆಯವರೂ? ಫಹು ಹಿಡಿದಿಟ್ಟಿದ್ದು, ಅದಕ್ಕೇ ಎಣ್ಣೆ ಇಲ್ಲ ಅಂದ್ರೆ, ನಕ್ಕು ಸುಮ್ನಾಗ್ತಾರೆ. ನನ್ನ ಹೆಸರಿಗೂ ಏನಿಲ್ಲ. ಅತ್ತೆ ಮಾತಿಗೂ ಏನಿಲ್ಲ."

ನನಗೆ ಅರ್ಥವಾಗತೊಡಗಿತು. ಬೆಕ್ಕು ಬಿಟ್ಟು ಬಂದು ಅವಳ ಎದುರಿಗೆ ಕೂತೆ. "ಅವಳಿಗೆ ನಾಲ್ಕು ವರ್ಷ ಕಣೇ. ಅಲ್ಲಿ ಅಷ್ಟು ಜನರ ಮಧ್ಯೆ ತಟ್ಟೆಯಲ್ಲಿರೋ ಕೇಕ್ ನೋಡಿ ಅದು ನಂದು ಅಂದುಬಿಟ್ರೆ?"

"ಕೇಕೂ ಅವಳದೇ. ಆಮೇಲೆ ಇನ್ನೊಂದು ಸಲ ಕೇಳ್ಲಿ."

ಅವಳು ನನ್ನ ಕೈ ಹಿಡಿದುಕೊಂಡಳು. ಗರಿ ಸೀಳಿ ಸೀಳಿ ಒರಟಾದ ಬೆರಳುಗಳು.

"ಒಂದೇ ಒಂದು ಉಪಕಾರ ಮಾಡು ಅಕ್ಕಾ, ಇನ್ನೇನೂ ಕೇಳಲ್ಲ. ಸೋಮವಾರ ಸಂಜೆ ಅತ್ತೆ ಚಾಪೆ ಹಾಸಿ ನನ್ನ ಕೂರಿಸಿದಾಗ ಎಲೆನೊವಾನ ಕರ್ಕೊಂಡು ಬಾ. ಎಲ್ಲರ ಎದುರಿಗೆ ನನ್ನ ಮುಖದ ಕಡೆ ಬೆರಳು ತೋರಿಸಿ, 'ವಾಸಿತಿ ಕೆನ್ನೆ ನಂದು' ಅಂತ ಹೇಳಿಸ್ತೀಯಾ?"